ಒಂದೇ ಸ್ಮಾರಕ, ಎರಡು ಬರಹ

ಕೇಳುಗರಿಗೆ ನಮಸ್ಕಾರ.

ಪಶ್ಚಿಮ ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ಬಂದರು ಊರಿನ ಉದ್ಯಾನದಲ್ಲಿ 1913ರಲ್ಲಿ ಅನಾವರಣಗೊಂಡ ಸ್ಮಾರಕವೊಂದಿದೆ. ಅದರ ನೆತ್ತಿಯ ಮೇಲೆ ಎದೆಮಟ್ಟದ ಒಂದು ಪ್ರತಿಮೆ. ಅದು ಮೇಟ್ಲಂಡ್ ಬ್ರೌನ್ ಎಂಬ ವ್ಯಕ್ತಿಯದು.

ಬ್ರೌನ್ ಹುಟ್ಟಿದ್ದು 1843ರಲ್ಲಿ, ಯಾರ್ಕ್ ಊರಿನ ಬಳಿಯ ಗ್ರಾಸ್ ಡೇಲ್ ಎಂಬ ಜಮೀನಿನಲ್ಲಿ. ತಂದೆತಾಯಿ ಇಂಗ್ಲೆಂಡಿನಿಂದ ಬಂದು ಅಲ್ಲಿ ನೆಲೆಯೂರಿದವರು. ಆ ಕಾಲದ ವಲಸೆ ಕುಟುಂಬಗಳಿಗೆ ಬೇಕಾಗಿದ್ದದ್ದು ಹುಲ್ಲು, ನೀರು ಮತ್ತು ಇನ್ನಷ್ಟು ನೆಲ. ಅದನ್ನು ಹುಡುಕಿ 1861ರಲ್ಲಿ ಫ್ರಾನ್ಸಿಸ್ ಗ್ರೆಗರಿಯ ತಂಡ ವಾಯವ್ಯಕ್ಕೆ ಹೊರಟಾಗ ಹದಿಹರೆಯದ ಬ್ರೌನ್ ಅದರ ಜತೆಗಿದ್ದ.

ಆ ಹುಲ್ಲುಗಾವಲಿನ ಹುಡುಕಾಟವೇ ರಕ್ತಕ್ಕೆ ಕಾರಣವಾಯಿತು. 1864ರಲ್ಲಿ ಲಾ ಗ್ರಾಂಜ್ ಕೊಲ್ಲಿಯ ಬಳಿ ಪ್ಯಾಂಟರ್, ಹಾರ್ಡಿಂಗ್, ಗೋಲ್ಡ್‌ವಯರ್ ಎಂಬ ಮೂವರು ಬಿಳಿಯ ಅನ್ವೇಷಕರು ಮೂಲನಿವಾಸಿಗಳ ಕೈಯಲ್ಲಿ ಸತ್ತರು. ಮರುವರ್ಷ ಅವರನ್ನು ಹುಡುಕಲು ಹೊರಟ ತಂಡಕ್ಕೆ ಬ್ರೌನ್ ನಾಯಕ. ಶವಗಳು ಸಿಕ್ಕವು. ಜತೆಗೆ ಸುಮಾರು ಇಪ್ಪತ್ತು ಮೂಲನಿವಾಸಿಗಳು ಗುಂಡಿಗೆ ಬಲಿಯಾದರು ಎನ್ನಲಾಗುತ್ತದೆ. ತಂಡದಲ್ಲಿ ಒಬ್ಬರೂ ಸಾಯಲಿಲ್ಲ. ಪರ್ತ್ ನಗರ ಮೂವರ ಶವಯಾತ್ರೆಯನ್ನು ಭಾರೀ ಗೌರವದಿಂದ ನಡೆಸಿತು. ಬ್ರೌನ್ ಎಲ್ಲರ ಕಣ್ಣಲ್ಲಿ ವೀರನಾದ. ಆ ಇಪ್ಪತ್ತು ಜನರ ಹೆಸರನ್ನು ಯಾರೂ ಬರೆದಿಡಲಿಲ್ಲ. ಇದು ನನ್ನನ್ನು ಇಂದಿಗೂ ಕಾಡುತ್ತದೆ.

ಮುಂದೆ ಆತ ವಸಾಹತಿನ ಶಾಸನ ಪರಿಷತ್ತಿನ ಸದಸ್ಯನಾದ, ಜೆರಾಲ್ಡ್‌ಟನ್ನಿನಲ್ಲಿ ಮ್ಯಾಜಿಸ್ಟ್ರೇಟ್ ಆದ. ಅಣ್ಣ ಕೆನೆತ್ ಕೂಡ ಕುರಿ-ದನಗಳ ದೊಡ್ಡ ಜಮೀನುದಾರ. ಹೆಂಡತಿಯನ್ನು ಕೊಂದ ಅಪರಾಧಕ್ಕೆ 1876ರಲ್ಲಿ ಗಲ್ಲಿಗೇರಿದ. ಕೆನೆತ್‌ನ ಮಗಳು ಈಡಿತ್ ಕೋವನ್ 1921ರಲ್ಲಿ ಆಸ್ಟ್ರೇಲಿಯದ ಶಾಸನಸಭೆಯೊಂದಕ್ಕೆ ಆಯ್ಕೆಯಾದ ಮೊದಲ ಮಹಿಳೆ. ಆಕೆಯ ಚಿತ್ರ ಆ ದೇಶದ ಐವತ್ತು ಡಾಲರ್ ನೋಟಿನ ಮೇಲಿದೆ. ಒಂದೇ ಮನೆತನದಲ್ಲಿ ಇಷ್ಟೆಲ್ಲ!

ಮತ್ತೆ ಆ ಸ್ಮಾರಕಕ್ಕೆ ಬರೋಣ. ಸತ್ತ ಮೂವರನ್ನು ಹೊಗಳುವ ಅದರ ಮೂಲ ಬರಹ, ಕೊಂದವರನ್ನು ವಂಚಕರೆಂದು ಕರೆಯುತ್ತದೆ. ಎಂಬತ್ತು ವರ್ಷ ಅದೊಂದೇ ಬರಹವಿತ್ತು. 1994ರಲ್ಲಿ ಅದೇ ಸ್ಮಾರಕದ ಮೇಲೆ ಇನ್ನೊಂದು ಫಲಕ ಬಂತು. ಮೂಲನಿವಾಸಿಗಳಿಗೆ ತಮ್ಮ ನೆಲವನ್ನು ಕಾಪಾಡಿಕೊಳ್ಳುವ ಹಕ್ಕಿತ್ತು, ಆ ಮೂವರ ಸಾವಿನ ಹಿಂದೆ ಮೂಲನಿವಾಸಿಗಳನ್ನು ಕೆಣಕಿದ ಇತಿಹಾಸವಿತ್ತು ಎಂದು ಅದು ನೇರವಾಗಿ ಹೇಳುತ್ತದೆ. ಪ್ರತಿಮೆಯನ್ನು ಕೆಡವದೆ, ಹಳೆಯ ಬರಹವನ್ನೂ ಅಳಿಸದೆ ಪಕ್ಕದಲ್ಲೇ ಉತ್ತರ ಬರೆದದ್ದು ನನಗೆ ಸರಿಯೆನಿಸುತ್ತದೆ. ಹಳೆಯದನ್ನು ಕಿತ್ತಿದ್ದರೆ, ಆ ಕಾಲದವರು ಮೂಲನಿವಾಸಿಗಳ ಕೊಲೆಗಳನ್ನು ಎಷ್ಟು ಹೆಮ್ಮೆಯಿಂದ ನೆನೆದಿದ್ದರು ಎಂಬುದಕ್ಕೆ ಸಾಕ್ಷಿಯೇ ಉಳಿಯುತ್ತಿರಲಿಲ್ಲ.