ಕಂಪ್ಯೂಟರಿಗೂ ‘ರೀ’ ಅನ್ನಬೇಕೆ?

ನಮಸ್ಕಾರ. ವಿಜಯಪುರದ ಯಾವುದೇ ಚಹಾದಂಗಡಿಯ ಮುಂದೆ ಐದು ನಿಮಿಷ ನಿಂತರೆ ‘ಚಾ ಕೊಡ್ರಿ’, ‘ಕುಂದರ್ರಿ’, ‘ಚಿಲ್ಲರ ಇಲ್ರಿ’ ಎಂಬ ಮಾತುಗಳು ಕಿವಿಗೆ ಬೀಳುತ್ತಲೇ ಇರುತ್ತವೆ. ಆ ‘ರಿ’ ಬಿಟ್ಟರೆ ಅರ್ಥವೇನೂ ಕೆಡುವುದಿಲ್ಲ, ಆದರೆ ಹಿರಿಯರ ಮುಂದೆ ಬಿಟ್ಟರೆ ಮಾತೇ ಕೆಡುತ್ತದೆ. ಪ್ರೋಗ್ರಾಮಿಂಗ್ ಭಾಷೆಗೂ ಇಂಥದೇ ನಿಯಮ ಹಾಕಿದವರಿದ್ದಾರೆ.

1972ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಡಾನ್ ವುಡ್ಸ್ ಮತ್ತು ಜೇಮ್ಸ್ ಲಿಯಾನ್, ಅಂದಿನ ಪ್ರೋಗ್ರಾಮಿಂಗ್ ಭಾಷೆಗಳ ಸಿಂಟ್ಯಾಕ್ಸನ್ನು, ಅಂದರೆ ಬರವಣಿಗೆಯ ಕಟ್ಟಳೆಗಳನ್ನು, ಅಣಕಿಸುವುದಕ್ಕೆಂದೇ ಇಂಟರ್‌ಕಾಲ್ ಎಂಬ ಭಾಷೆಯನ್ನು ಕಟ್ಟಿದರು. ಅದರಲ್ಲಿ ಆಜ್ಞೆಗಳ ಮುಂದೆ ಆಗಾಗ ‘ಪ್ಲೀಸ್’ ಎಂದು ಬರೆಯಬೇಕು. ಮುಂದೆ ಬಂದ ಅದರ ಆವೃತ್ತಿ ಸಿ-ಇಂಟರ್‌ಕಾಲ್‌ನಲ್ಲಿ ಆಜ್ಞೆಗಳ ಐದರಲ್ಲೊಂದು ಪಾಲಿಗಿಂತ ಕಡಿಮೆ ‘ಪ್ಲೀಸ್’ ಇದ್ದರೆ ವಿನಯ ಸಾಲದೆಂದೂ, ಮೂರರಲ್ಲೊಂದು ಪಾಲು ಮೀರಿದರೆ ವಿನಯ ಅತಿಯಾಯಿತೆಂದೂ ಕಂಪೈಲರ್ (ನಾವು ಬರೆದದ್ದನ್ನು ಕಂಪ್ಯೂಟರಿಗೆ ತಿಳಿಯುವಂತೆ ಅನುವಾದಿಸುವ ತಂತ್ರಾಂಶ) ಪ್ರೋಗ್ರಾಮನ್ನು ತಿರಸ್ಕರಿಸುತ್ತದೆ.

(ತೆರೆಯ ಮೇಲೆ: ಒಂದೂ ‘ಪ್ಲೀಸ್’ ಇಲ್ಲದ ಪ್ರೋಗ್ರಾಂ, ಕೆಳಗೆ ಕೆಂಪು ಬಣ್ಣದ ದೋಷಸೂಚನೆ.)

ನಕ್ಕ ಮೇಲೆ ಉಳಿಯುವ ಪ್ರಶ್ನೆ ದೊಡ್ಡದು: ನಾವು ಬರೆಯುವ ಚಿಹ್ನೆಗಳಲ್ಲಿ ನಿಜಕ್ಕೂ ಬೇಕಾದವು ಎಷ್ಟು, ರೂಢಿಯಿಂದ ಉಳಿದವು ಎಷ್ಟು? ನಾನು ಸಿ ಭಾಷೆ ಕಲಿಯುವಾಗ ಏಳನೆಯ ಸಾಲಿನ ಕೊನೆಗೆ ಅರ್ಧವಿರಾಮ (;) ಹಾಕಲು ಮರೆತಿದ್ದೆ, ಕಂಪೈಲರ್ ತಪ್ಪೆಂದು ಎಂಟನೆಯ ಸಾಲನ್ನು ತೋರಿಸಿತು. ಸರಿಯಿದ್ದ ಆ ಸಾಲನ್ನೇ ಮೂರು ಸಲ ಅಳಿಸಿ ಬರೆದೆ. ಸಿ ಭಾಷೆಯಲ್ಲಿ ಆಜ್ಞೆ ಮುಗಿಯಿತೆಂದು ಹೇಳುವುದು ಅರ್ಧವಿರಾಮ; ಸಾಲು ಮುರಿಯುವುದೆಂದರೆ ಬರೀ ಖಾಲಿ ಜಾಗ. ಮುಂದಿನ ಪದ ಎದುರಾದಾಗಲೇ ಕಂಪೈಲರಿಗೆ ಏನೋ ತಪ್ಪಿದೆಯೆಂದು ತಿಳಿಯುವುದು.

ಚಿಹ್ನೆಗಳ ಈ ಪ್ರಶ್ನೆಯನ್ನು ಸಂಶೋಧಕ ಆಂಡ್ರಿಯಾಸ್ ಸ್ಟೆಫಿಕ್ ಮತ್ತು ಸಂಗಡಿಗರು 2011ರಲ್ಲಿ ಅಳತೆಗೆ ಹಚ್ಚಿದರು. ಕೀಲಿಮಣೆಯ ಚಿಹ್ನೆಗಳನ್ನು ಮನಬಂದಂತೆ ಆರಿಸಿ ರ‍್ಯಾಂಡಮೋ ಎಂಬ ಭಾಷೆಯನ್ನು ಮಾಡಿ, ಔಷಧದ ಪರೀಕ್ಷೆಯಲ್ಲಿ ಹೋಲಿಕೆಗೆಂದು ಸಕ್ಕರೆ ಗುಳಿಗೆ ಕೊಟ್ಟಂತೆ, ಪ್ರೋಗ್ರಾಮಿಂಗ್ ತಿಳಿಯದ ಹೊಸಬರಲ್ಲಿ ಕೆಲವರಿಗೆ ಅದನ್ನು, ಉಳಿದವರಿಗೆ ಪರ್ಲ್ ಇಲ್ಲವೆ ಕ್ವೋರಂ ಎಂಬ ಭಾಷೆಯನ್ನು ಕೊಟ್ಟರು. ಪರ್ಲ್ ಬಳಸಿದ ಹೊಸಬರು ರ‍್ಯಾಂಡಮೋ ಬಳಸಿದವರಿಗಿಂತ ತಪ್ಪಿಲ್ಲದೆ ಬರೆಯುವುದರಲ್ಲಿ ಗಮನಾರ್ಹವಾಗಿ ಮೇಲೇನೂ ಇರಲಿಲ್ಲ! ಕ್ವೋರಂ ಬಳಸಿದವರು ಮುಂದಿದ್ದರು; ಅದು ಆ ಸಂಶೋಧಕರೇ ಕಟ್ಟಿದ ಭಾಷೆಯೆಂಬುದನ್ನೂ ನೆನಪಿಡಬೇಕು. 2013ರ ಅವರ ಮುಂದಿನ ಅಧ್ಯಯನದಲ್ಲಿ ಜಾವಾ ಭಾಷೆಯ ಕಥೆಯೂ ಪರ್ಲಿನಂತೆಯೇ ಆಯಿತು, ಪೈಥಾನ್ ಮತ್ತು ರೂಬಿ ಮೇಲೆದ್ದವು. ತಮಾಷೆಯಂತೆ ಕಾಣುವ ಭಾಷೆಯೊಂದು ತಕ್ಕಡಿಯ ಬಟ್ಟಾದ ಈ ಬಗೆ ನನಗೆ ಬಹಳ ಹಿಡಿಸಿದೆ.

ಇನ್ನು ನಮ್ಮ ಕಡೆ ನೋಡಿ. ‘ಮಳಿ ಬಂದರ ಹೊಲಕ್ಕ ಹೋಗಬ್ಯಾಡ’ ಎನ್ನುವಾಗ ಷರತ್ತಿನ ಗುರುತು ಕ್ರಿಯಾಪದದ ಬಾಲಕ್ಕೆ ಅಂಟುತ್ತದೆ. ಪೈಥಾನ್‌ನಲ್ಲಿ ಷರತ್ತಿನ ಗುರುತಾದ ‘ಇಫ್’ ಮೊದಲೇ ಬಂದು ಕೂರುತ್ತದೆ. ಹಳ್ಳಿಯ ಶಾಲೆಯಿಂದ ಬಂದ ಮಕ್ಕಳಿಗೆ ಈ ಅದಲುಬದಲು ಎಷ್ಟು ತೊಡಕು ಮಾಡುತ್ತದೆ ಎಂಬುದನ್ನು ರ‍್ಯಾಂಡಮೋ ಹಿಡಿದೇ ವಿಜಯಪುರದ ತರಗತಿಯಲ್ಲಿ ಅಳೆಯಬೇಕು ಎಂಬುದು ನನ್ನ ಆಸೆ.