ಅಡಿಕೆ ಚಪ್ಪರದ ಕೆಳಗೆ ಸಮಾಜಶಾಸ್ತ್ರ

ಕೇಳುಗರೆಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಈಗ ಅಡಿಕೆ ಕೊಯ್ಲು. ನಾನು ಚಿಕ್ಕವಳಿದ್ದಾಗ ಈ ದಿನಗಳಲ್ಲಿ ರಾತ್ರಿ ಹನ್ನೊಂದಾದರೂ ಚಪ್ಪರದ ದೀಪ ಆರುತ್ತಿರಲಿಲ್ಲ. ಅಕ್ಕಪಕ್ಕದವರು ಮೆಟ್ಟುಗತ್ತಿ ತಂದು, ಸಾಲಾಗಿ ಕೂತು ಸುಲಿಯುತ್ತಿದ್ದರು. ಇವತ್ತು ನಮ್ಮನೆಯದು, ನಾಳೆ ಅವರದು. ಮುಯ್ಯಾಳು. ಕೂಲಿಯ ಮಾತೇ ಇಲ್ಲ. ಒಬ್ಬರು ಬರದಿದ್ದರೆ, ಹುಷಾರಿಲ್ವೇನೋ ಅಂತ ಅಮ್ಮ ಅವರ ಮನೆಗೇ ಹೋಗಿ ನೋಡಿ ಬರುತ್ತಿದ್ದಳು.

ಮುಂದೆ ಸಮಾಜಶಾಸ್ತ್ರ ಓದುವಾಗ ಇದಕ್ಕೊಂದು ವಿವರಣೆ ಸಿಕ್ಕಿತು. ಫ್ರಾನ್ಸಿನ ಎಮಿಲ್ ಡರ್ಕೈಮ್ 1893ರಲ್ಲಿ ಬರೆದರು: ಎಲ್ಲರದೂ ಒಂದೇ ಬಗೆಯ ಕೆಲಸ, ಒಂದೇ ನಂಬಿಕೆ ಇರುವಲ್ಲಿ ಆ ಹೋಲಿಕೆಯೇ ಜನರನ್ನು ಕೂಡಿಸುತ್ತದೆ. ಕೆಲಸ ಹಂಚಿಹೋದಂತೆ ಬೇರೆ ನಂಟು ಬೆಳೆಯುತ್ತದೆ. ನಿನ್ನ ಕೆಲಸ ನನಗೆ ಬಾರದು, ಅದಕ್ಕೇ ನೀನು ನನಗೆ ಬೇಕು.

ಈಗ ನಮ್ಮಂಗಳದಲ್ಲಿ ಸುಲಿಯುವ ಯಂತ್ರ. ಮರದಿಂದ ಅಡಿಕೆ ಗೊನೆ ತೆಗೆಯುವವರು ಬೇರೆ, ಮಂಡಿಗೆ ಒಯ್ಯುವವರು ಬೇರೆ. ಡರ್ಕೈಮ್ ಹೇಳಿದಂತೆಯೇ ಆಯಿತು, ಅಲ್ವಾ?

ಆದರೆ ಪಕ್ಕದ ಮನೆ ಹುಡುಗನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದ್ದು ನೆಂಟರಿಂದಲ್ಲ. ಹಾಸ್ಟೆಲಿನಲ್ಲಿ ಒಂದೇ ವರ್ಷ ಜೊತೆಗಿದ್ದವನ ಮೆಸೇಜಿನಿಂದ. ಇಂಥದ್ದನ್ನು ಬಿಡಿಸಿಟ್ಟವರು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್, 1973ರಲ್ಲಿ. ಬಾಸ್ಟನ್ ಹತ್ತಿರದ ಊರೊಂದರಲ್ಲಿ, ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ಅವರು ವಿಚಾರಿಸಿದರು. ಪದೇ ಪದೇ ಸಿಗುವವರಿಂದ ಸುದ್ದಿ ತಿಳಿದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ! ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ತರುವುದು ದೂರದ ಪರಿಚಯ. ಆಗ ಮೊಬೈಲ್ ಇರಲಿಲ್ಲ. ಈಗ ಆ ಮಾತು ಇನ್ನೂ ಜಾಸ್ತಿ ಹೊಂದುತ್ತದೆ ಅಂತ ನನಗನ್ನಿಸುತ್ತದೆ.

ಹಾಗಂತ ಹಳೆಯ ನಂಟು ಸತ್ತಿಲ್ಲ. ಹೋದ ಮಳೆಗಾಲದಲ್ಲಿ ನಮ್ಮೂರಲ್ಲಿ ಒಬ್ಬ ಅಜ್ಜ ತೀರಿಕೊಂಡರು. ಜಡಿಮಳೆ. ಮಗ ಬೆಂಗಳೂರಿಂದ ಬಂದು ಮುಟ್ಟುವ ಹೊತ್ತಿಗೆ ಪ್ರತಿ ಮನೆಯ ಕೊಟ್ಟಿಗೆಯಿಂದ ಒಣ ಸೌದೆ ಬಂದು ಬಿದ್ದಿತ್ತು. ಯಾರೂ ಯಾರನ್ನೂ ಕರೆದಿರಲಿಲ್ಲ. ಯಂತ್ರದಲ್ಲಿ ಅಡಿಕೆ ಸುಲಿಸುವವರೇ ಅವರೆಲ್ಲ. ಒಂದು ನಂಟು ಕುಗ್ಗುತ್ತಾ ಇನ್ನೊಂದು ಬೆಳೆಯುತ್ತದೆ ಎಂದಿದ್ದರು ಡರ್ಕೈಮ್. ನಮ್ಮಲ್ಲಿ ಎರಡೂ ಒಂದೇ ಅಂಗಳದಲ್ಲಿವೆ. ಇದನ್ನು ವಿವರಿಸುವ ಸಿದ್ಧಾಂತ ಮಲೆನಾಡಿನಲ್ಲೇ ಹುಟ್ಟಲಿ ಅನ್ನುವುದು ನನ್ನ ದೊಡ್ಡ ಆಸೆ.

ಅದಕ್ಕೇ ನನ್ನ ವಿದ್ಯಾರ್ಥಿಗಳು ಈಗ ಮನೆಮನೆಗೆ ಹೋಗಿ ಎರಡು ಪ್ರಶ್ನೆ ಕೇಳುತ್ತಿದ್ದಾರೆ. ಕೆಲಸದ ಸುದ್ದಿ ಯಾರಿಂದ ಬಂತು? ರಾತ್ರಿ ಎರಡು ಗಂಟೆಗೆ ಕಾಯಿಲೆ ಜೋರಾದರೆ ಮೊದಲು ಯಾರನ್ನು ಕೂಗುತ್ತೀರಿ? ನಿಮ್ಮ ಮನೆಗೂ ಬರಬಹುದು. ಪುರುಸೊತ್ತು ಮಾಡಿಕೊಂಡು ಉತ್ತರ ಹೇಳಿ.

ನಮಸ್ಕಾರ.