ಬಟನ್ ಒತ್ತಿದ್ದು ಯಾರು? ಆನ್‌ಲೈನ್ ಹಾಡು, ವಿಡಿಯೋಗಳ ಹಿಂದಿನ ಕಾನೂನು ಜಗಳ

[ಕಪ್ಪು ಪರದೆ. ಪಿಯಾನೋ ಸದ್ದು. ಅರ್ಧಕ್ಕೇ ನಿಲ್ಲುತ್ತದೆ.]

ನಮಸ್ಕಾರ. ಸ್ವಲ್ಪ ಕಾಲದ ಹಿಂದೆ ನಾನೊಂದು ವಿಡಿಯೋ ಮಾಡಿದ್ದೆ. ಹಿನ್ನೆಲೆಗೆ ಬೇಥೋವನ್ ಅವರ ಒಂದು ಪಿಯಾನೋ ತುಣುಕು ಬೇಕಿತ್ತು. ಯಾರದ್ದೋ ರೆಕಾರ್ಡಿಂಗ್ ಎತ್ತಿಕೊಳ್ಳುವುದು ಬೇಡ ಅಂತ ಗೆಳೆಯನೊಬ್ಬನನ್ನು ಕೂರಿಸಿ ನುಡಿಸಲು ಹೇಳಿದೆ. ಬೇಥೋವನ್ ತೀರಿಕೊಂಡಿದ್ದು 1827ರಲ್ಲಿ. ನುಡಿಸಿದವನು ನನ್ನ ಗೆಳೆಯ. ಮೈಕ್ ನನ್ನದು. ಆದರೂ ಯೂಟ್ಯೂಬ್‌ಗೆ ವಿಡಿಯೋ ಹಾಕಿದ ಕೆಲವೇ ನಿಮಿಷದಲ್ಲಿ ಸಂದೇಶ ಬಂತು: ಈ ಸಂಗೀತ ಬೇರೊಂದು ಕಂಪನಿಯದು, ಈ ವಿಡಿಯೋದಿಂದ ಬರುವ ದುಡ್ಡು ಇನ್ನು ಅವರಿಗೆ.

ಆಕ್ಷೇಪ ಸಲ್ಲಿಸಿದೆ. ಮೂರು ವಾರ ಕಾದ ಮೇಲೆ ಸರಿಹೋಯಿತು. ಆದರೆ ಒಂದು ವಿಡಿಯೋವನ್ನು ಜಾಸ್ತಿ ಜನ ನೋಡುವುದು ಮೊದಲ ಕೆಲವು ದಿನಗಳಲ್ಲೇ ಅಲ್ವಾ? ಆ ದಿನಗಳು ಹೋಗಿಬಿಟ್ಟಿದ್ದವು. ನನಗೆ ದುಡ್ಡಿಗಿಂತ ನೋವಾಗಿದ್ದು ಗೆಳೆಯನ ಮುಖ ನೋಡಿ. ಆ ತುಣುಕನ್ನು ಅವನು ಎರಡು ತಿಂಗಳು ಕೂತು ಕಲಿತಿದ್ದ.

ಇಲ್ಲಿ ಒಂದು ಗಂಟು ಮೊದಲೇ ಬಿಡಿಸಿಕೊಳ್ಳೋಣ. ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಕಾಪಿರೈಟ್ ಹಕ್ಕುಗಳಿರುತ್ತವೆ. ರಾಗ ಹಾಕಿ, ಸಾಹಿತ್ಯ ಬರೆದ ಕೃತಿಯ ಹಕ್ಕು ಒಂದು. ಅದನ್ನು ಹಾಡಿ, ನುಡಿಸಿ, ಹಿಡಿದಿಟ್ಟ ರೆಕಾರ್ಡಿಂಗ್‌ನ ಹಕ್ಕು ಇನ್ನೊಂದು. ಬೇಥೋವನ್ ಬರೆದ ಸಂಗೀತದ ಹಕ್ಕಿನ ಅವಧಿ ಯಾವಾಗಲೋ ಮುಗಿದಿದೆ, ಅದನ್ನು ಇವತ್ತು ಯಾರು ಬೇಕಾದರೂ ನುಡಿಸಬಹುದು. ಆದರೆ ಹೋದ ವರ್ಷ ಒಬ್ಬರು ಅದನ್ನೇ ನುಡಿಸಿ ರೆಕಾರ್ಡ್ ಮಾಡಿದ್ದರೆ ಆ ರೆಕಾರ್ಡಿಂಗ್ ಮೇಲೆ ಹೊಸ ಹಕ್ಕು ಹುಟ್ಟುತ್ತದೆ. ಅವೇ ಸ್ವರ, ಅದೇ ವಾದ್ಯ. ನನ್ನ ಗೆಳೆಯನ ಕೈ ಯಾವುದು, ಆ ಕಂಪನಿಯ ಕಲಾವಿದರ ಕೈ ಯಾವುದು ಅಂತ ಯಂತ್ರಕ್ಕೆ ಗೊತ್ತಾಗಲಿಲ್ಲ.

ಹಾಗಾದರೆ ಇಂಥ ತೀರ್ಮಾನ ಯಂತ್ರದ ಕೈಗೆ ಹೋಗಿದ್ದು ಹೇಗೆ? ಅದಕ್ಕೆ ಇಂಟರ್ನೆಟ್‌ಗಿಂತ ಹಿಂದಕ್ಕೆ ಹೋಗಬೇಕು.

[ಪರದೆಯಲ್ಲಿ: ಹಳೆಯ ವಿಡಿಯೋ ಕ್ಯಾಸೆಟ್ ರೆಕಾರ್ಡರ್. ಅದರ ಕೆಂಪು ಬಟನ್ ಮೇಲೆ ಕ್ಯಾಮೆರಾ ನಿಲ್ಲುತ್ತದೆ.]

ಇದು ಸೋನಿ ಕಂಪನಿಯ ಬೀಟಾಮ್ಯಾಕ್ಸ್. ಟೀವಿಯಲ್ಲಿ ಬರುವುದನ್ನು ರೆಕಾರ್ಡ್ ಮಾಡಿಕೊಂಡು ಆಮೇಲೆ ನೋಡುವ ಯಂತ್ರ. 1976ರಲ್ಲಿ ಸಿನಿಮಾ ಕಂಪನಿಗಳಾದ ಯೂನಿವರ್ಸಲ್ ಮತ್ತು ಡಿಸ್ನಿ ಅಮೆರಿಕದಲ್ಲಿ ಇದರ ಮೇಲೆ ಕೇಸು ಹಾಕಿದವು. ಅವರ ವಾದ ಸರಳ: ನಮ್ಮ ಕಾರ್ಯಕ್ರಮಗಳ ಕಾಪಿ ಆಗುತ್ತಿದೆ, ಕಾಪಿ ಮಾಡುವ ಯಂತ್ರ ಮಾರಿದವರು ನೀವು. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸೋನಿ ಪರವಾಗಿ ತೀರ್ಪು ಕೊಟ್ಟಿತು. 5 ನ್ಯಾಯಮೂರ್ತಿಗಳು ಒಂದು ಕಡೆ, 4 ಮಂದಿ ಇನ್ನೊಂದು ಕಡೆ. ಜನ ಮನೆಯಲ್ಲಿ ಬಟನ್ ಒತ್ತಿ ರೆಕಾರ್ಡ್ ಮಾಡಿ, ಬಿಡುವಾದಾಗ ನೋಡಿದರೆ ಅದು ತಪ್ಪಲ್ಲ. ಸರಿಯಾದ ಕೆಲಸಕ್ಕೂ ಬಳಕೆಯಾಗುವ ಯಂತ್ರ ಮಾರಿದ್ದಕ್ಕೆ ಕಂಪನಿಯನ್ನು ಹಿಡಿಯಲು ಆಗುವುದಿಲ್ಲ. ಒಬ್ಬರ ಮನಸ್ಸು ಬೇರೆಯಾಗಿದ್ದರೆ ಮುಂದಿನ ಕಥೆಯೆಲ್ಲ ಬೇರೆಯಾಗುತ್ತಿತ್ತು.

ಅಲ್ಲಿಂದ ಈಚೆಗೆ ಪ್ರತಿ ಕೇಸಿನಲ್ಲೂ ನನಗೆ ಒಂದೇ ಪ್ರಶ್ನೆ ಕಾಣುತ್ತದೆ. ಬಟನ್ ಒತ್ತಿದ್ದು ಯಾರು? ಕಾಪಿ ಆಗಿದ್ದು ಯಾರ ಕೈಯಿಂದ?

1999ರಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಅನ್ನುವ ಸೇವೆ ಬಂತು. ಹಾಡು ನಿಮ್ಮ ಕಂಪ್ಯೂಟರ್‌ನಿಂದ ನೇರವಾಗಿ ಇನ್ನೊಬ್ಬರ ಕಂಪ್ಯೂಟರ್‌ಗೆ ಹೋಗುತ್ತಿತ್ತು. ನ್ಯಾಪ್‌ಸ್ಟರ್ ಸರ್ವರ್‌ನಲ್ಲಿ ಒಂದು ಹಾಡೂ ಇರಲಿಲ್ಲ, ಯಾರ ಹತ್ತಿರ ಏನಿದೆ ಅನ್ನುವ ಪಟ್ಟಿ ಮಾತ್ರ ಇತ್ತು. ಆ ಪಟ್ಟಿಯೇ ಮುಳುವಾಯಿತು. ಪಟ್ಟಿ ನಿಮ್ಮ ಕೈಯಲ್ಲಿದೆ, ಏನು ನಡೆಯುತ್ತಿದೆ ಅಂತ ಗೊತ್ತಿದೆ, ನಿಲ್ಲಿಸಬಹುದಿತ್ತು ಅಂತ 2001ರಲ್ಲಿ ಕೋರ್ಟ್ ಹೇಳಿತು. ಅದೇ ವರ್ಷ ಸೇವೆ ನಿಂತಿತು. ಆಮೇಲೆ ಬಂದ ಗ್ರಾಕ್‌ಸ್ಟರ್‌ನಂಥವರು ಪಟ್ಟಿಯನ್ನೂ ಇಟ್ಟುಕೊಳ್ಳಲಿಲ್ಲ. ಅವರೂ ಉಳಿಯಲಿಲ್ಲ. ಕದಿಯಲು ಜನರನ್ನು ಹುರಿದುಂಬಿಸಿ ವ್ಯಾಪಾರ ಮಾಡಿದರೆ ಅದೂ ತಪ್ಪೇ ಅಂತ 2005ರಲ್ಲಿ ಸುಪ್ರೀಂ ಕೋರ್ಟ್ ಒಂದೇ ದನಿಯಲ್ಲಿ ಹೇಳಿತು.

ನ್ಯಾಪ್‌ಸ್ಟರ್ ಕೇಸು ನಡೆಯುತ್ತಿದ್ದ ಕಾಲದಲ್ಲೇ ನಡೆದ ಇನ್ನೊಂದು ಕೇಸು ನನ್ನನ್ನು ಜಾಸ್ತಿ ಕಾಡುತ್ತದೆ. ಅದರ ಹೆಸರು ಎಂಪಿ3 ಡಾಟ್ ಕಾಮ್. 2000ದಲ್ಲಿ ಈ ಕಂಪನಿ ಒಂದು ಸೇವೆ ಶುರು ಮಾಡಿತು. ನೀವು ದುಡ್ಡು ಕೊಟ್ಟು ತಂದ ಸಿಡಿಯನ್ನು ಕಂಪ್ಯೂಟರ್‌ಗೆ ಹಾಕಿ ತೋರಿಸಬೇಕು. ಸಿಡಿ ನಿಮ್ಮ ಹತ್ತಿರ ಇದೆ ಅಂತ ಖಾತ್ರಿಯಾದರೆ, ಆಮೇಲೆ ಅದೇ ಹಾಡುಗಳನ್ನು ಯಾವ ಕಂಪ್ಯೂಟರ್‌ನಲ್ಲಿ ಬೇಕಾದರೂ ಕೇಳಬಹುದು. ಕೇಳುವವರು ಈಗಾಗಲೇ ದುಡ್ಡು ಕೊಟ್ಟಿದ್ದಾರೆ. ಯಾರೂ ಕದಿಯುತ್ತಿಲ್ಲ. ಆದರೆ ನಿಮಗೆ ಕೇಳಿಸುತ್ತಿದ್ದದ್ದು ನಿಮ್ಮ ಸಿಡಿಯ ಕಾಪಿ ಅಲ್ಲ. ಕಂಪನಿ ತಾನೇ ಸಾವಿರಾರು ಸಿಡಿ ಕೊಂಡು, ಕಾಪಿ ಮಾಡಿ, ಸರ್ವರ್‌ನಲ್ಲಿ ಇಟ್ಟುಕೊಂಡಿತ್ತು. ಬಟನ್ ಒತ್ತಿದ್ದು ಕಂಪನಿ. ಅಷ್ಟು ಸಾಕಾಯಿತು. ಒಂದೊಂದು ಸಿಡಿಗೆ 25,000 ಡಾಲರ್ ಪರಿಹಾರ ಅಂತ ನ್ಯಾಯಾಧೀಶರು ನಿಗದಿ ಮಾಡಿದರು.

2011ರಲ್ಲಿ ಆಪಲ್ ಹೆಚ್ಚುಕಡಿಮೆ ಇದೇ ಸೇವೆಯನ್ನು ಐಟ್ಯೂನ್ಸ್ ಮ್ಯಾಚ್ ಅಂತ ಕೊಟ್ಟಿತು. ಯಾರೂ ತಡೆಯಲಿಲ್ಲ. ಯಾಕೆಂದರೆ ಹಾಡಿನ ಕಂಪನಿಗಳ ಜೊತೆ ಮೊದಲೇ ಕೂತು ಲೈಸೆನ್ಸ್ ಪಡೆದಿತ್ತು. ಹಾಡಿದವರಿಗೆ, ಬರೆದವರಿಗೆ ಪಾಲು ಸಿಗಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಮಾತುಕತೆಗೆ ಕೂರುವ ಶಕ್ತಿ ದೊಡ್ಡ ಕಂಪನಿಗಳಿಗೆ ಮಾತ್ರ ಇರುತ್ತದೆ ಅನ್ನುವುದೂ ನಿಜ.

[ಪರದೆಯಲ್ಲಿ: ಬೆರಳ ತುದಿಯಷ್ಟು ಆ್ಯಂಟೆನಾ. ಪಕ್ಕದಲ್ಲಿ ಇನ್ನೊಂದು, ಮತ್ತೊಂದು, ಸಾಲುಸಾಲು.]

ಟೀವಿ ಕಾರ್ಯಕ್ರಮಗಳನ್ನು ಇಂಟರ್ನೆಟ್ ಮೂಲಕ ತೋರಿಸುತ್ತಿದ್ದ ಏರಿಯೋ ಅನ್ನುವ ಕಂಪನಿ, ಬಟನ್ ಒತ್ತಿದ್ದು ಯಾರು ಅನ್ನುವ ಈ ಪ್ರಶ್ನೆಯನ್ನು ಅದರ ಕೊನೆ ಮುಟ್ಟುವವರೆಗೂ ಎಳೆದು ನೋಡಿತು. ಅದಕ್ಕೂ ಮೊದಲು, 2008ರಲ್ಲಿ, ಕೇಬಲ್‌ವಿಷನ್ ಅನ್ನುವ ಕೇಬಲ್ ಟೀವಿ ಕಂಪನಿ ಒಂದು ಕೇಸು ಗೆದ್ದಿತ್ತು. ರೆಕಾರ್ಡರ್ ನಿಮ್ಮ ಮನೆಯಲ್ಲಿ ಇಲ್ಲದೆ ಕಂಪನಿಯ ಕಟ್ಟಡದಲ್ಲಿದ್ದರೂ, ಬಟನ್ ಒತ್ತಿದ್ದು ಗ್ರಾಹಕ, ಪ್ರತಿ ಗ್ರಾಹಕನಿಗೂ ಬೇರೆ ಕಾಪಿ, ಹಾಗಾಗಿ ಕಾಪಿ ಗ್ರಾಹಕನದೇ ಅಂತ ಕೋರ್ಟ್ ಒಪ್ಪಿತ್ತು. ಏರಿಯೋ ಆ ತೀರ್ಪನ್ನು ಇಟ್ಟುಕೊಂಡು ತನ್ನ ಯಂತ್ರವನ್ನೇ ಕಟ್ಟಿತು. ಟೀವಿ ಸಿಗ್ನಲ್ ಹಿಡಿಯಲು ಒಂದು ದೊಡ್ಡ ಆ್ಯಂಟೆನಾ ಸಾಕಿತ್ತು. ಅವರು ಸಾವಿರಾರು ಪುಟ್ಟ ಆ್ಯಂಟೆನಾ ಇಟ್ಟರು, ನೋಡುವ ಪ್ರತಿಯೊಬ್ಬರಿಗೂ ಒಂದೊಂದು. ನಿಮ್ಮ ಆ್ಯಂಟೆನಾ, ನಿಮ್ಮ ಕಾಪಿ, ನಿಮ್ಮ ಬಟನ್. ಎಂಜಿನಿಯರಿಂಗ್ ದೃಷ್ಟಿಯಿಂದ ಇದಕ್ಕೆ ಯಾವ ಅಗತ್ಯವೂ ಇರಲಿಲ್ಲ. ಪೂರ್ತಿ ವಿನ್ಯಾಸ ಕಾನೂನಿಗೋಸ್ಕರ. 2014ರಲ್ಲಿ ಸುಪ್ರೀಂ ಕೋರ್ಟ್ 6-3ರಲ್ಲಿ ಒಪ್ಪಲಿಲ್ಲ. ಹೊರಗಿನಿಂದ ನೋಡಿದರೆ ನೀವು ಕೇಬಲ್ ಕಂಪನಿಯ ಹಾಗೇ ಇದ್ದೀರಿ, ಒಳಗೆ ತಂತಿ ಹೇಗೆ ಜೋಡಿಸಿದ್ದೀರಿ ಅನ್ನುವುದು ಮುಖ್ಯವಲ್ಲ ಅಂದಿತು. ಅದೇ ವರ್ಷ ಏರಿಯೋ ದಿವಾಳಿಯಾಯಿತು.

ಸರಿ, ಇವೆಲ್ಲ ಕಂಪನಿಗಳ ಕಥೆ. ಈಗ ನಿಮ್ಮ, ನನ್ನ ಕಥೆಗೆ ಬರೋಣ. ನಾವೇ ಬಟನ್ ಒತ್ತಿ ವಿಡಿಯೋ ಹಾಕಿದರೆ?

1998ರಲ್ಲಿ ಅಮೆರಿಕ ಡಿಎಂಸಿಎ (ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಆ್ಯಕ್ಟ್) ಅನ್ನುವ ಕಾನೂನು ತಂದಿತು. ಅದರಲ್ಲಿ ಸೇಫ್ ಹಾರ್ಬರ್ ಅನ್ನುವ ರಕ್ಷಣೆ ಇದೆ. ಬಳಕೆದಾರರು ಹಾಕಿದ್ದಕ್ಕೆ ಯೂಟ್ಯೂಬ್‌ನಂಥ ವೇದಿಕೆ ಪರಿಹಾರ ಕೊಡಬೇಕಿಲ್ಲ. ಆದರೆ ಹಕ್ಕುದಾರರು ನೋಟಿಸ್ ಕಳಿಸಿದ ಕೂಡಲೇ ತೆಗೆಯಬೇಕು. ಪದೇ ಪದೇ ತಪ್ಪು ಮಾಡುವವರ ಖಾತೆ ಮುಚ್ಚಬೇಕು. ಮೂರು ಸ್ಟ್ರೈಕ್, ಅಂದರೆ ಮೂರು ಸಲ ಇಂಥ ನೋಟಿಸ್, ಬಂದರೆ ಚಾನೆಲ್ ಹೋಗುತ್ತದೆ ಅಂತ ನಾವೆಲ್ಲ ಹೆದರುತ್ತೇವಲ್ಲ, ಅದರ ಬೇರು ಇಲ್ಲಿದೆ. 2007ರಲ್ಲಿ ವಯಾಕಾಮ್ ಕಂಪನಿ ಯೂಟ್ಯೂಬ್ ಮೇಲೆ 100 ಕೋಟಿ ಡಾಲರ್ ಕೇಸು ಹಾಕಿದಾಗ ಯೂಟ್ಯೂಬನ್ನು ಕಾಪಾಡಿದ್ದೂ ಇದೇ ರಕ್ಷಣೆ. ಏಳು ವರ್ಷ ನಡೆದು, 2014ರಲ್ಲಿ ರಾಜಿಯಾಯಿತು.

ವೇದಿಕೆಯ ಜಾಗದಲ್ಲಿ ನಿಂತು ಯೋಚಿಸಿ. ನೋಟಿಸ್ ಬಂದಾಗ ತೆಗೆದರೆ ಏನೂ ನಷ್ಟವಿಲ್ಲ. ತೆಗೆಯದಿದ್ದರೆ ಕೋಟಿಗಟ್ಟಲೆ ಕೇಸು. ಹಾಗಾಗಿ ಮೊದಲು ತೆಗೆಯುತ್ತಾರೆ. ನಿಮ್ಮನ್ನು ಕೇಳುವುದು ಆಮೇಲೆ.

2007ರಲ್ಲಿ ಒಬ್ಬ ತಾಯಿ ತನ್ನ ಪುಟ್ಟ ಮಗು ಅಡುಗೆಮನೆಯಲ್ಲಿ ಕುಣಿಯುವ ವಿಡಿಯೋ ಹಾಕಿದರು. ಒಟ್ಟು 29 ಸೆಕೆಂಡ್. ಹಿಂದೆ ಗಾಯಕ ಪ್ರಿನ್ಸ್ ಅವರ ಹಾಡು ಅಸ್ಪಷ್ಟವಾಗಿ ಕೇಳುತ್ತಿತ್ತು. ಹಾಡಿನ ಕಂಪನಿ ಯೂನಿವರ್ಸಲ್ ಮ್ಯೂಸಿಕ್ ನೋಟಿಸ್ ಕಳಿಸಿತು, ವಿಡಿಯೋ ಹೋಯಿತು. ಆ ತಾಯಿ ಸುಮ್ನೆ ಕೂರಲಿಲ್ಲ. ಆ ನೋಟಿಸ್ ತಪ್ಪು ಅಂತ ಎದುರು ನೋಟಿಸ್ ಕೊಟ್ಟು ವಿಡಿಯೋ ವಾಪಸ್ ತರಿಸಿದರು, ಮೇಲೆ ಕೋರ್ಟಿಗೂ ಹೋದರು. ನೋಟಿಸ್ ಕಳಿಸುವ ಮೊದಲು ಇದು ಫೇರ್ ಯೂಸ್, ಅಂದರೆ ಅನುಮತಿ ಬೇಕಿಲ್ಲದ ನ್ಯಾಯವಾದ ಬಳಕೆಯೇ ಅಂತ ಯೋಚಿಸಲೇಬೇಕು ಎಂದು 2015ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು. 29 ಸೆಕೆಂಡಿನ ವಿಡಿಯೋಗೆ ಎಂಟು ವರ್ಷ. ನನಗೆ ಆ ತಾಯಿಯ ಮೇಲೆ ಬಹಳ ಗೌರವ.

ಆದರೆ ಅಷ್ಟರಲ್ಲಿ ಮನುಷ್ಯರು ನೋಟಿಸ್ ಬರೆಯುವ ಕಾಲವೇ ಹಿಂದೆ ಬಿದ್ದಿತ್ತು. ಯೂಟ್ಯೂಬ್ 2007ರಲ್ಲೇ ಕಂಟೆಂಟ್ ಐಡಿ ತಂದಿತು. ಹಕ್ಕುದಾರರು ತಮ್ಮ ಹಾಡು, ಸಿನಿಮಾಗಳ ಗುರುತನ್ನು ಕೊಟ್ಟಿರುತ್ತಾರೆ, ಹೊಸ ವಿಡಿಯೋ ಬಂದಾಗ ಯಂತ್ರ ಹೋಲಿಸಿ ನೋಡುತ್ತದೆ. ಸಿಕ್ಕಿದರೆ ವಿಡಿಯೋ ತಡೆಯಬಹುದು, ಅಥವಾ ಅದರ ಜಾಹೀರಾತಿನ ದುಡ್ಡು ತೆಗೆದುಕೊಳ್ಳಬಹುದು. ಯೂಟ್ಯೂಬ್ ತಾನೇ ಕೊಟ್ಟ ಲೆಕ್ಕ ಕೇಳಿ. 2021ರ ಮೊದಲ ಆರು ತಿಂಗಳಲ್ಲಿ 72 ಕೋಟಿಗೂ ಹೆಚ್ಚು ಕ್ಲೈಮ್, ಅಂದರೆ ಈ ವಿಡಿಯೋದಲ್ಲಿರುವುದು ನಮ್ಮದು ಅನ್ನುವ ದಾವೆ. ಅದರಲ್ಲಿ ಆಕ್ಷೇಪ ಬಂದಿದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಹಾಗೆ ಆಕ್ಷೇಪ ಹಾಕಿದವರಲ್ಲಿ ಸುಮಾರು 60% ಮಂದಿ ಗೆದ್ದರು.

ಈ ಕೊನೆಯ ಸಂಖ್ಯೆ ಕಂಡು ನಾನು ತುಂಬಾ ಹೊತ್ತು ಅಲ್ಲೇ ನಿಂತೆ. ಉಳಿದ ಕ್ಲೈಮ್‌ಗಳೆಲ್ಲ ತಪ್ಪು ಅಂತ ಇದರ ಅರ್ಥವಲ್ಲ, ಹೆಚ್ಚಿನವು ಸರಿಯೇ ಇರಬಹುದು. ಆದರೆ ಆರು ತಿಂಗಳಲ್ಲಿ 20 ಲಕ್ಷಕ್ಕೂ ಜಾಸ್ತಿ ಸಲ ಯಂತ್ರ ಹೇಳಿದ್ದು ಉಳಿಯಲಿಲ್ಲ. ನನ್ನ ಗೆಳೆಯನ ಪಿಯಾನೋ ಅಂಥದ್ದರಲ್ಲಿ ಒಂದು.

ಯುರೋಪ್ ಒಕ್ಕೂಟ 2019ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದೊಡ್ಡ ವೇದಿಕೆಗಳು ಮೊದಲೇ ಲೈಸೆನ್ಸ್ ಪಡೆಯಲು ಪ್ರಯತ್ನಿಸಬೇಕು, ಇಲ್ಲದಿದ್ದರೆ ಹಕ್ಕುದಾರರು ತೋರಿಸಿದ ಕೃತಿಗಳು ಬರದಂತೆ ನೋಡಿಕೊಳ್ಳಬೇಕು. ವಿಮರ್ಶೆ, ಉಲ್ಲೇಖ, ಅಣಕಕ್ಕೆ ರಕ್ಷಣೆ ಇದೆ ಅಂತಲೂ ಅದೇ ಕಾನೂನು ಹೇಳುತ್ತದೆ. ಪೋಲೆಂಡ್ ಇದನ್ನು ಪ್ರಶ್ನಿಸಿತು. 2022ರಲ್ಲಿ ಯುರೋಪಿನ ಕೋರ್ಟ್ ಕಾನೂನನ್ನು ಉಳಿಸಿತು, ಆದರೆ ಸರಿಯಾದದ್ದನ್ನೂ ತಪ್ಪನ್ನೂ ಬೇರೆ ಮಾಡಲಾಗದ ಫಿಲ್ಟರ್ ನಡೆಯುವುದಿಲ್ಲ ಅಂತ ಎಚ್ಚರಿಸಿತು.

ಇಂಟರ್ನೆಟ್ ಕೊಡುವ ಕಂಪನಿಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಗ್ರಾಹಕರ ಎಲ್ಲ ಟ್ರಾಫಿಕ್ಕನ್ನೂ ಸೋಸಿ ನೋಡಿ ಅಂತ ಅವರಿಗೆ ಆದೇಶ ಕೊಡಲಾಗದು ಎಂದು ಯುರೋಪಿನ ಅದೇ ಕೋರ್ಟ್ 2011ರಲ್ಲಿ ಹೇಳಿತು. 2009ರಲ್ಲಿ ಫ್ರಾನ್ಸ್ ಮೂರು ಸಲ ತಪ್ಪು ಮಾಡಿದವರ ಸಂಪರ್ಕವನ್ನೇ ಕಡಿಯಲು ಹೊರಟಿತ್ತು. ಸಂಪರ್ಕ ಕಡಿಯುವ ಅಧಿಕಾರ ಒಂದು ಕಚೇರಿಗೆ ಕೊಡುವಂತಿಲ್ಲ, ನ್ಯಾಯಾಧೀಶರೇ ತೀರ್ಮಾನಿಸಬೇಕು ಅಂತ ಅಲ್ಲಿನ ಸಂವಿಧಾನ ಮಂಡಳಿ ತಡೆಯಿತು. 2013ರಲ್ಲಿ ಆ ಶಿಕ್ಷೆಯನ್ನೇ ಕೈಬಿಟ್ಟರು.

[ಕ್ಯಾಮೆರಾ ನೇರವಾಗಿ ಮುಖಕ್ಕೆ.]

ನಿಮ್ಮ ವಿಡಿಯೋಗೆ ಏನಾದರೂ ಬಂದರೆ ಮೊದಲು ಅದು ಕ್ಲೈಮೋ ಸ್ಟ್ರೈಕೋ ನೋಡಿ. ಕ್ಲೈಮ್ ಆದರೆ ದುಡ್ಡಿನ ವಿಷಯ, ಇಲ್ಲವೇ ವಿಡಿಯೋ ತಡೆಯುವ ವಿಷಯ. ಚಾನೆಲ್‌ಗೆ ಅಪಾಯವಿಲ್ಲ. ಸ್ಟ್ರೈಕ್ ಅಂದರೆ ಕಾನೂನಿನ ನೋಟಿಸ್ ಬಂದಿದೆ ಅಂತ. ತಪ್ಪಾಗಿ ಬಂದಿದೆ ಅಂತ ಖಾತ್ರಿ ಇದ್ದರೆ ಎದುರು ನೋಟಿಸ್ ಕೊಡಿ. ಡಿಎಂಸಿಎ ಪ್ರಕಾರ, ಅದು ಸಿಕ್ಕ ಮೇಲೆ ಎದುರಿನವರು ಕೋರ್ಟಿಗೆ ಹೋಗದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ವಿಡಿಯೋ ವಾಪಸ್ ಹಾಕಬೇಕು. ಅದರಲ್ಲಿ ನಿಮ್ಮ ನಿಜವಾದ ಹೆಸರು, ವಿಳಾಸ ಕೊಡಬೇಕು, ಸುಳ್ಳು ಹೇಳಿದರೆ ಶಿಕ್ಷೆ ಇದೆ. ಅದಕ್ಕೇ ಸರಿಯಾಗಿ ಯೋಚಿಸಿ ಕಳಿಸಿ. "ಹಕ್ಕು ಅವರದೇ" ಅಂತ ಕೆಳಗೆ ಒಂದು ಸಾಲು ಬರೆದರೆ ಸಾಕು ಅಂತ ತುಂಬಾ ಜನ ನಂಬಿದ್ದಾರೆ. ಅದರಿಂದ ಏನೂ ಪ್ರಯೋಜನವಿಲ್ಲ. ಲೈಸೆನ್ಸ್ ಪಡೆದ ಹಾಡಾದರೆ ರಸೀದಿ, ಷರತ್ತು, ತೆಗೆದುಕೊಂಡ ದಿನ ಎಲ್ಲ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ.

ನನ್ನ ಗೆಳೆಯ ಈಗಲೂ ನನಗೆ ನುಡಿಸಿ ಕೊಡುತ್ತಾನೆ. ಅವನ ಬೆರಳು ಕಾಣುವ ಹಾಗೆ ಪಕ್ಕದಲ್ಲಿ ಇನ್ನೊಂದು ಫೋನ್ ಇಟ್ಟು ಮೊದಲಿಂದ ಕೊನೆಯವರೆಗೆ ಶೂಟ್ ಮಾಡುತ್ತೇನೆ. ಅದನ್ನು ಎಲ್ಲೂ ಹಾಕುವುದಿಲ್ಲ. ದಿನಾಂಕ ಬರೆದು ಇಟ್ಟುಕೊಳ್ಳುತ್ತೇನೆ, ಮುಂದಿನ ಸಂದೇಶ ಬಂದಾಗ ಬೇಕಾಗುತ್ತದೆ.

[ಪಿಯಾನೋ ಸದ್ದು ನಿಂತಲ್ಲಿಂದ ಮತ್ತೆ ಶುರುವಾಗಿ ಪೂರ್ತಿ ಮುಗಿಯುತ್ತದೆ.]